ಹೊಟ್ಟೆಗೆ ಕಟ್ಟಿಕೊಂಡ ನಾಲ್ಕು ಪಿಸ್ಟನ್

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ಸರ್ವಮಂಗಳಮ್ಮ. ತಿಪಟೂರಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ನೀತಿಕಥೆ ಹೇಳುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಬೆಳಗ್ಗೆ ಆರಕ್ಕೇ ಸೂರ್ಯೋದಯದ ಚಿತ್ರದ ಜೊತೆ ನೀತಿ ಕಳಿಸುವವರನ್ನಂತೂ ಇಲ್ಲವೇ ಇಲ್ಲ. ಆದರೆ ಅತ್ತೆ ಈ ಕಥೆಯಲ್ಲಿ ತಮ್ಮ ತಪ್ಪನ್ನೂ ಮುಚ್ಚಿಡಲಿಲ್ಲ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಅತ್ತೆಯ ಗಿರಣಿಯ ಪಕ್ಕದ ಮಳಿಗೆಯಲ್ಲಿ ವೀರಭದ್ರಾಚಾರ್ ಎಂಬುವರ ಲೇತ್ ಅಂಗಡಿ. ಹಳೆ ಬೈಕುಗಳ ಎಂಜಿನ್ ಬಿಚ್ಚಿ, ಸವೆದದ್ದನ್ನು ಸರಿಮಾಡಿ, ಮತ್ತೆ ಜೋಡಿಸುವುದು ಅವರ ಕಸುಬು. ಎರಡು ಮಳಿಗೆಗೂ ನಡುವೆ ಒಂದೇ ಗೋಡೆ. ಆ ಕಡೆ ಕಬ್ಬಿಣದ ಪುಡಿ, ಈ ಕಡೆ ರಾಗಿಯ ಪುಡಿ.

ಅದೇ ಊರಿನಲ್ಲಿ ತೋಂಟಾರಾಧ್ಯ ಎಂಬುವರು ಇದ್ದರು. ಕೊಬ್ಬರಿ ಮಂಡಿಯೊಂದರಲ್ಲಿ ತೂಕ ಹಾಕುವವರು. ಜನ ಅವರನ್ನು ತೂಕದ ಆರಾಧ್ಯರು ಎನ್ನುತ್ತಿದ್ದರು. ಪ್ರಾಮಾಣಿಕರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಹಿಡಿ ಕೊಬ್ಬರಿಯನ್ನೂ ಆಚೀಚೆ ಮಾಡಿದವರಲ್ಲ. ಆದರೆ ಆಚೀಚೆ ಮಾಡುವವರನ್ನು ಇಪ್ಪತ್ತೆಂಟು ವರ್ಷ ನೋಡಿದ್ದರು. ಮೂಟೆಯ ತಳದಲ್ಲಿ ಹಸಿ ಕೊಬ್ಬರಿ, ನಡುವೆ ಕಲ್ಲು, ತಕ್ಕಡಿಯ ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣು. ಹೀಗಾಗಿ ಹಾಲಿನವನು ಬಂದರೆ ಅವರಿಗೆ ಹಾಲಿಗಿಂತ ಮೊದಲು ಅಳತೆಯ ಲೋಟದೊಳಗಿನ ಅವನ ಹೆಬ್ಬೆರಳು ಕಾಣುತ್ತಿತ್ತು. ಮದುವೆಮನೆಗೆ ಹೋದರೆ ಒಂದು ಚಪ್ಪಲಿಯನ್ನು ಈ ಬಾಗಿಲಲ್ಲಿ, ಇನ್ನೊಂದನ್ನು ಆ ಬಾಗಿಲಲ್ಲಿ ಬಿಡುತ್ತಿದ್ದರು. ಜೋಡಿ ಸಿಗದಿದ್ದರೆ ಕದಿಯುವವನು ಏನು ಮಾಡಿಯಾನು? ಊಟವಾದ ಮೇಲೆ ಎರಡನ್ನೂ ಹುಡುಕಲು ಅವರಿಗೇ ಅರ್ಧ ಗಂಟೆ ಹಿಡಿಯುತ್ತಿತ್ತು, ಅದು ಬೇರೆ ಮಾತು.

ಆರಾಧ್ಯರ ಮನೆಯಲ್ಲಿ ಒಂದು ಹಳೆಯ ಬೈಕು ಇತ್ತು. ಎರಡು ಸಿಲಿಂಡರಿನದು. ತೀರಿಹೋದ ಅಣ್ಣನದು. ಗೋಡೆಯ ಮೇಲೆ ಅಣ್ಣನ ಫೋಟೋ ಇತ್ತು, ಆದರೆ ಫೋಟೋ ಮಾತಾಡುವುದಿಲ್ಲವಲ್ಲ. ಬೈಕು ಮಾತಾಡುತ್ತಿತ್ತು. ಅದನ್ನು ಶುರು ಮಾಡಿದರೆ ಸಾಕು, ಅಣ್ಣ ಬೀದಿಯ ತಿರುವಿಗೆ ಬಂದ ಹಾಗೇ ಆಗುತ್ತಿತ್ತು. ಈಗ ಅದೂ ಹೊಗೆ ಕಾರಿ, ಎಳೆಯಲಾರದೆ, ಒಂದು ದಿನ ನಿಂತೇಬಿಟ್ಟಿತು.

ಆರಾಧ್ಯರು ಬೈಕನ್ನು ತಳ್ಳಿಕೊಂಡು ಆಚಾರ್ರ ಅಂಗಡಿಗೆ ಬಂದರು. ಆಚಾರ್ರು ಎಂಜಿನ್ ಬಿಚ್ಚಿ ನೋಡಿದರು.

ನಿಮ್ಮಲ್ಲಿ ಎಂಜಿನ್ನಿನ ಗೊಡವೆ ಇಲ್ಲದವರಿಗೆ ಒಂದೆರಡು ಮಾತು. ಸಿಲಿಂಡರ್ ಎಂದರೆ ಒಂದು ಕೊಳವೆ. ಪಿಸ್ಟನ್ ಎಂದರೆ ಬೋರಲು ಹಾಕಿದ ಲೋಟದಂಥದ್ದು. ಅದು ಕೊಳವೆಯೊಳಗೆ ಮೇಲೆ ಕೆಳಗೆ ಓಡುತ್ತದೆ. ಓಡಿ ಓಡಿ ಕೊಳವೆ ಸವೆಯುತ್ತದೆ. ಆಗ ಕೊಳವೆಯನ್ನು ಒಳಗಿನಿಂದ ಕೊರೆದು ನುಣುಪು ಮಾಡಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬೇಕು. ಇದಕ್ಕೆ ಬೋರ್ ಮಾಡುವುದು ಎನ್ನುತ್ತಾರೆ.

“ಆರಾಧ್ಯರೇ, ಇದು ಕೊನೇ ಬೋರು,” ಎಂದರು ಆಚಾರ್ರು. “ಇನ್ನೊಂದು ಸಲ ಕೊರೆಯೋಕೆ ದಪ್ಪ ಉಳಿಯಲ್ಲ. ಈ ಸಲ ಕೆಟ್ಟರೆ ಎಂಜಿನ್ ಗುಜರಿಗೇ.”

“ಕೆಡೋದು ಯಾಕೆ?”

“ಕೆಡುತ್ತೆ ಅಂದೆನಾ? ಕೆಟ್ಟರೆ ಅಂದೆ.”

“ಕೆಡದೇ ಇರೋದಾದ್ರೆ ಆ ಮಾತೇ ಯಾಕೆ ಬಂತು?”

ಆಚಾರ್ರು ಎಣ್ಣೆಗೈ ಒರೆಸಿಕೊಂಡರು. “ಕೊನೇ ಅಳತೆಯ ಪಿಸ್ಟನ್ ಇಲ್ಲಿ ಸಿಗಲ್ಲ. ಬೆಂಗಳೂರಿನ ಹಳೇ ಸಾಮಾನಿನ ಅಂಗಡೀಲಿ ವಿಚಾರಿಸಿ. ನಾಲ್ಕು ತನ್ನಿ,” ಎಂದರು.

“ಎರಡು ಸಿಲಿಂಡರಿಗೆ ನಾಲ್ಕು ಪಿಸ್ಟನ್ನಾ? ನನಗಿರೋದು ಎರಡು ಕಾಲು ಸ್ವಾಮಿ, ನಾಲ್ಕು ಚಪ್ಪಲಿ ಕೊಳ್ಳು ಅಂತೀರಲ್ಲ.”

“ಡಬ್ಬದ ಮೇಲೆ ಒಂದೇ ನಂಬರ್ ಇರುತ್ತೆ. ಒಳಗಿರೋ ಮಾಲಿನಲ್ಲಿ ಕೂದಲೆಳೆ ಹೆಚ್ಚುಕಮ್ಮಿ. ನಾಲ್ಕರಲ್ಲಿ ಸರಿಯಾಗಿ ಹೊಂದೋ ಎರಡನ್ನ ನಾನು ಆರಿಸ್ತೀನಿ.”

ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಆಚಾರ್ರ ಭಾಷೆಯಲ್ಲಿ ಒಂದು ಪಾಯಿಂಟ್. ಆ ಬೈಕಿಗೆ ಪಿಸ್ಟನ್ನಿಗೂ ಕೊಳವೆಗೂ ನಡುವೆ ಐದು ಪಾಯಿಂಟ್ ಜಾಗ ಇರಬೇಕು. ಮೂರಾದರೆ ಬಿಗಿ, ಓಡುತ್ತ ಓಡುತ್ತ ಕಚ್ಚಿಕೊಳ್ಳುತ್ತದೆ. ಏಳಾದರೆ ಸಡಿಲ, ಬಡಿದುಕೊಳ್ಳುತ್ತದೆ. ನಾವು ಪಿಯುಸಿ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆದು, ಕೊನೆಗೆ ಪಕ್ಕದವಳ ಉತ್ತರ ನೋಡಿ ಬರೆದುಕೊಂಡ ಅಳತೆಗಳೂ ಇಷ್ಟೇ ಸಣ್ಣವು. ಆಚಾರ್ರ ಪಕ್ಕದಲ್ಲಿ ಉತ್ತರ ಬರೆದುಕೊಂಡವರು ಯಾರೂ ಇರಲಿಲ್ಲ.

ಆರಾಧ್ಯರು ಎರಡು ಸಲ ಬೆಂಗಳೂರಿಗೆ ಹೋಗಿ ನಾಲ್ಕು ಪಿಸ್ಟನ್ ತಂದರು. ತಂದವರೇ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಒಂದೊಂದರ ಒಳಮೈಯಲ್ಲೂ ಸೂಜಿಯಿಂದ ಒಂದು ಗುರುತು ಗೀರಿದರು. ಮಂಡಿಯಲ್ಲಿ ಮೂಟೆಗೆ ಹಾಕುವಂಥ ಗುರುತು: ಒಂದು ಸೊನ್ನೆ, ಅದಕ್ಕೊಂದು ಅಡ್ಡಗೆರೆ. ಆಚಾರ್ರು ಮಾಲು ಬದಲಾಯಿಸಿದರೆ ಗೊತ್ತಾಗಬೇಕಲ್ಲ!

ಅಷ್ಟರಲ್ಲಿ ಆಚಾರ್ರು ಎರಡೂ ಕೊಳವೆ ಕೊರೆದು, ನುಣುಪು ಮಾಡಿ, ಅಂಗಡಿಯ ಮೂಲೆಯ ದಪ್ಪ ಕಬ್ಬಿಣದ ಹಲಗೆಯ ಮೇಲೆ ಇಟ್ಟಿದ್ದರು.

“ನಾಲ್ಕನ್ನೂ ಇದರ ಪಕ್ಕ ಇಟ್ಟು ಹೋಗಿ,” ಎಂದರು. “ಬೆಳಗ್ಗೆ ಅಳೆಯೋಣ.”

“ಈಗಲೇ ಅಳೀರಿ.”

“ಒಂದು ರಾತ್ರಿ ಇವು ಒಂದೇ ಹಲಗೆ ಮೇಲೆ ಮಲಗಬೇಕು. ನಮ್ಮಪ್ಪನ ಕಾಲದಿಂದ ನಡೆದುಬಂದದ್ದು.”

“ಕಬ್ಬಿಣಕ್ಕೂ ಮದುವೆ ಶಾಸ್ತ್ರವಾ ಆಚಾರ್ರೇ? ಯಾಕೆ ಮಲಗಬೇಕು, ಕಾರಣ ಹೇಳಿ.”

ಆಚಾರ್ರು ತಲೆ ಕೆರೆದುಕೊಂಡರು. ಅಪ್ಪ ಕಾರಣ ಹೇಳಿರಲಿಲ್ಲ. ಆಚಾರ್ರು ಕೇಳಿಯೂ ಇರಲಿಲ್ಲ. “ಶಾಸ್ತ್ರ ಅಂತಲೇ ಇಟ್ಕೊಳ್ಳಿ,” ಎಂದರು.

ಕಾರಣ ಇಲ್ಲದ ಮಾತು ಕೇಳಿದ ಕೂಡಲೇ ಆರಾಧ್ಯರಿಗೆ ಕಾರಣ ಹೊಳೆದುಬಿಟ್ಟಿತು. ಸಿಗದ ಮಾಲು, ಬೀಗ ಹಾಕಿದ ಅಂಗಡಿ, ಇಡೀ ಒಂದು ರಾತ್ರಿ. “ನನ್ನ ಮಾಲು ನನ್ನ ಹತ್ರಾನೇ ಇರುತ್ತೆ. ನಾಳೆ ಬೆಳಗ್ಗೆ ತರ್ತೀನಿ. ನನ್ನ ಕಣ್ಣೆದುರು ಅಳೀರಿ,” ಎಂದು ಗಂಟು ಕಟ್ಟಿಕೊಂಡರು.

ಆಚಾರ್ರಿಗೆ ಆ ಮಾತು ತಗುಲಿತು. ನಲವತ್ತು ವರ್ಷದ ಕಸುಬು. ಬೇಡ, ಹಾಗೆ ಅಳೆಯುವುದಿಲ್ಲ ಎನ್ನಬಹುದಿತ್ತು. ಅದರ ಬದಲು, “ಹಂಗೇ ಆಗಲಿ. ಶಾಸ್ತ್ರ ಬಿಟ್ಟರೆ ಪ್ರಪಂಚ ಮುಳುಗಲ್ಲ,” ಎಂದುಬಿಟ್ಟರು.

ಮಾರನೆಯ ದಿನ. ಜನವರಿಯ ಚಳಿ. ಬೆಳಗ್ಗೆ ಏಳೂವರೆಗೆ ಆರಾಧ್ಯರು ನಡೆದು ಬಂದರು. ಅತ್ತೆ ಗಿರಣಿಯ ಬಾಗಿಲು ತೆಗೆಯುತ್ತಿದ್ದವರು ನೋಡಿ ಬೆಚ್ಚಿದರಂತೆ. ಕಡ್ಡಿಯಂಥ ಮನುಷ್ಯನಿಗೆ ರಾತ್ರೋರಾತ್ರಿ ಹೊಟ್ಟೆ ಬಂದಿತ್ತು.

“ಏನ್ ಆರಾಧ್ಯರೇ, ಎಷ್ಟು ತಿಂಗಳು?” ಎಂದರು ಅತ್ತೆ.

“ಮೆತ್ತಗೆ ಮಾತಾಡಿ ಮಂಗಳಕ್ಕ. ದಾರೀಲಿ ಯಾರಾದ್ರೂ ಕಿತ್ತುಕೊಂಡರೆ?”

ನಾಲ್ಕೂ ಪಿಸ್ಟನ್ನನ್ನು ಟವೆಲ್ಲಿನಲ್ಲಿ ಸುತ್ತಿ, ಬನಿಯನ್ನಿನ ಮೇಲೆ ಬಿಗಿಯಾಗಿ ಕಟ್ಟಿ, ಮೇಲೆ ಸ್ವೆಟರ್ ಹಾಕಿ, ಅದರ ಮೇಲೆ ಕೋಟು ಹಾಕಿ ಬಂದಿದ್ದರು. ರಾತ್ರಿ ಮಲಗಿದ್ದೂ ಹಾಗೆಯೇ ಎಂದು ಆಮೇಲೆ ಅವರ ಹೆಂಡತಿ ಅತ್ತೆಗೆ ಹೇಳಿದರಂತೆ.

ಆರಾಧ್ಯರು ಒಂದೊಂದನ್ನೇ ಹೊಟ್ಟೆಯಿಂದ ತೆಗೆದು ಕೊಡುವುದು. ಆಚಾರ್ರು ಗೇಜಿಗೆ ಹಿಡಿಯುವುದು. ಅಳೆದ ಕೂಡಲೇ ಆರಾಧ್ಯರು ಅದನ್ನು ಕಸಿದು ಮತ್ತೆ ಹೊಟ್ಟೆಗೆ ಸೇರಿಸುವುದು. ಮೊದಲೆರಡು ಪಿಸ್ಟನ್ನಿಗೆ ಲೆಕ್ಕ ಹಾಕಿದರೆ ಮೂರೇ ಪಾಯಿಂಟ್ ಜಾಗ. ಬಿಗಿ. ಕೊನೆಯೆರಡಕ್ಕೆ ಸರಿಯಾಗಿ ಐದು.

“ಇವೆರಡು ಹೊಂದುತ್ತೆ,” ಎಂದರು ಆಚಾರ್ರು. “ಉಳಿದ ಬಿಗಿ ಎರಡೂ ನನ್ನ ಹತ್ರ ಇರಲಿ, ಮುಂದೆ ಯಾರಿಗಾದ್ರೂ ಬೇಕಾಗಬಹುದು.”

ಆರಾಧ್ಯರು ಮನಸ್ಸಿನಲ್ಲೇ ‘ಬಂತು ನೋಡು’ ಎಂದುಕೊಂಡರು. ಆರಿಸಿದ ಎರಡು ಆಚಾರ್ರ ಮುಂದಿರುವಾಗಲೇ ಬಗ್ಗಿ, ಉಳಿದೆರಡನ್ನು ಟವೆಲ್ಲಿಗೆ ಸುತ್ತಿ ಮತ್ತೆ ಹೊಟ್ಟೆಗೆ ಕಟ್ಟಿಕೊಂಡರು. ಆಮೇಲೆ ಆರಿಸಿದವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಮನೆಗೆ ಹೋಗಿ ಬಿಗಿ ಎನಿಸಿಕೊಂಡ ಎರಡನ್ನೂ ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದರು.

ಆ ಮಾರನೆಯ ದಿನ ಜೋಡಣೆ. ಅದೂ ಆರಾಧ್ಯರ ಕಣ್ಣೆದುರೇ. ಸ್ಟೂಲು ಹಾಕಿಕೊಂಡು ಎದುರಿಗೇ ಕೂತರು. ಸಣ್ಣಪುಟ್ಟ ಸಾಮಾನೆಲ್ಲ ತೊಳೆದು ಅಣಿಮಾಡುವಷ್ಟರಲ್ಲಿ ಮಧ್ಯಾಹ್ನ. ಆಚಾರ್ರು ಪಿಸ್ಟನ್ ಕೈಗೆತ್ತಿಕೊಂಡು, ಎಣ್ಣೆ ಸವರಿ, ಕೊಳವೆಗೆ ಇಳಿಸಿದರು. ಅವರ ಕೈ ಒಂದು ಕ್ಷಣ ನಿಂತಿತು. ಇದೇನು, ಇಷ್ಟು ಸಲೀಸಾಗಿ ಇಳಿಯಿತಲ್ಲ? ತಲೆಯೆತ್ತಿ ಆರಾಧ್ಯರ ಮುಖ ನೋಡಿದರು. ನಿನ್ನೆ ಮನೆಗೆ ಹೋಗಿದ್ದು ಇವೇ ಎರಡಾ? ಅಥವಾ ಈ ಮಹಾನುಭಾವರು ನನ್ನ ಕೆಲಸ ಪರೀಕ್ಷಿಸಲು ಬೇರೆಯವನ್ನು ತಂದಿದ್ದಾರಾ?

ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅನುಮಾನದ ಗುಣವೇ ಅದು, ಒಳಗೆ ಇರುವಾಗ ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ.

ಎಂಜಿನ್ ಶುರುವಾಯಿತು. ಆರಾಧ್ಯರು ಕಣ್ಣು ಮುಚ್ಚಿ ಕಿವಿ ಕೊಟ್ಟರು. ಅಣ್ಣ ಬರಲಿಲ್ಲ. ಒಣಗಿದ ತೆಂಗಿನಕಾಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಡಿದುಕೊಳ್ಳುವುದಿಲ್ಲವೇ, ಆ ಶಬ್ದ ಬಂತು. ಟಕ, ಟಕ, ಟಕ. ಕಾಯಿಗೆ ಆ ಶಬ್ದ ಬಂದರೆ ಕೊಬ್ಬರಿ ಕೂಡಿತು ಎಂದು ತಿಪಟೂರಿನವರಿಗೆ ಸಂತೋಷ. ಎಂಜಿನ್ನಿಗೆ ಬಂದರೆ ಸಂಕಟ.

“ಏನಿದು?”

“ನನಗೂ ಕೇಳಿಸ್ತಿದೆ,” ಎಂದರು ಆಚಾರ್ರು. ಎಂಜಿನ್ ಆರಿಸಿ, ಮೆಲ್ಲಗೆ, “ಮನೆಯಿಂದ ತಂದದ್ದು ಅದೇ ಎರಡು ತಾನೇ?” ಎಂದರು.

“ಅಂದ್ರೆ? ನನ್ನ ಮಾಲನ್ನ ನಾನೇ ಕದ್ದೆ ಅಂತಲಾ? ಕೊನೇ ಬೋರು ಅಂತ ಮೊದಲೇ ಬಾಯಿ ಕಟ್ಟಿಹಾಕಿದಿರಿ. ಕೆಡುತ್ತೆ ಅಂತ ಮೊದಲೇ ಹೇಳಿದಿರಿ. ಉಳಿದೆರಡು ಇಲ್ಲೇ ಇರಲಿ ಅಂದಿರಿ. ಎಲ್ಲಾ ಅರ್ಥ ಆಯ್ತು ಬಿಡಿ!”

ಬೈಕನ್ನು ಅಲ್ಲೇ ಬಿಟ್ಟು ಹೊರಟವರು ಸೀದಾ ಮಂಡಿಗೆ ಹೋದರು. ಒಳ್ಳೆಯ ಪಿಸ್ಟನ್ ಹೊಡೆಯಲು ಆಚಾರ್ರು ಎಂಜಿನ್ ಕೆಡಿಸಿದರು ಎಂದು ಮೂಟೆ ತೂಗುತ್ತ ಹೇಳಿದರು. ಇನ್ನೊಂದು ಮೂಟೆ ತೂಗುತ್ತ ಇನ್ನೊಬ್ಬರಿಗೆ ಹೇಳಿದರು. ತೂಕದ ಆರಾಧ್ಯರು ಸುಳ್ಳು ಹೇಳುವವರಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಮಾತು ಬೇಗ ಹರಡಿತು. ಸುಳ್ಳುಗಾರ ಹೇಳಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಆಚಾರ್ರ ಅಂಗಡಿಯ ಮುಂದೆ ಒಂದೇ ಒಂದು ಬೈಕು ನಿಂತಿತ್ತು, ಅದೂ ಆರಾಧ್ಯರದೇ.

ಇಲ್ಲಿ ಅತ್ತೆ ತಮ್ಮ ಪಾಲಿನ ತಪ್ಪನ್ನು ಹೇಳಿದರು. ಅದೇ ವಾರ ಅವರ ಗಿರಣಿಯ ಎರಡು ಯಂತ್ರಗಳಲ್ಲಿ ಒಂದರ ಕಲ್ಲು ತಿರುಗಿಸುವ ಶಾಫ್ಟು ಸವೆದಿತ್ತು. ಒಂದು ಗೋಡೆಯಾಚೆ ಲೇತ್ ಇದೆ. ಆದರೂ ಅತ್ತೆ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿಗೆ ಹಾಕಿ, ಅರಸೀಕೆರೆಗೆ ಕಳಿಸಿದರು. ಆಚಾರ್ರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಅನ್ನಲಿಲ್ಲ.

“ಅನ್ನದೇ ಇದ್ದದ್ದಕ್ಕೇ ನನಗೆ ಇನ್ನೂ ಅನುಮಾನ ಬಂತು ಕಣೇ,” ಎಂದರು ಅತ್ತೆ. “ಬೈದಿದ್ದರೆ, ಪಾಪ ನಿಜಸ್ಥ ಅಂದುಕೊಳ್ತಿದ್ದೆನೋ ಏನೋ. ಇನ್ನೂ ಜೋರಾಗಿ ಬೈದಿದ್ದರೆ, ಕಳ್ಳನಿಗೆ ಬಾಯಿ ಜೋರು ಅಂತಿದ್ದೆ.”

ಎಂಟನೆಯ ದಿನ ಆಚಾರ್ರು ಗಿರಣಿಯ ಬಾಗಿಲಿಗೆ ಬಂದರು.

“ಮಂಗಳಕ್ಕ, ಆರಾಧ್ಯರಿಗೆ ಹೇಳಿಕಳಿಸಿದ್ದೀನಿ. ಇವತ್ತು ಎಂಜಿನ್ ಬಿಚ್ತೀನಿ. ನೀವು ಸಾಕ್ಷಿ ನಿಲ್ಲಬೇಕು.”

ಅತ್ತೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ಹೋದರು. ಆರಾಧ್ಯರು ಆಗಲೇ ಬಂದು ಕೈಕಟ್ಟಿ ನಿಂತಿದ್ದರು. ಆಚಾರ್ರು ಪಿಸ್ಟನ್ನುಗಳನ್ನು ಹೊರತೆಗೆದು, ಬಟ್ಟೆಯಿಂದ ಒರೆಸಿ, ಆರಾಧ್ಯರ ಮುಂದೆ ಇಟ್ಟರು.

“ನೋಡಿ. ನಿಮ್ಮವಾ, ಅಲ್ವಾ?”

“ನೋಡೋಕೆ ಎಲ್ಲಾ ಒಂದೇ ಥರ ಇರ್ತಾವೆ. ಆದ್ರೆ ನಾನೂ ಮಂಡೀಲಿ ಮಣ್ಣು ಹೊತ್ತಿಲ್ಲ ಆಚಾರ್ರೇ. ಗುಟ್ಟಾಗಿ ಗುರುತು ಹಾಕಿದ್ದೀನಿ.” ಆರಾಧ್ಯರು ಒಂದನ್ನು ತಿರುಗಿಸಿ, ಒಳಗೆ ಕಣ್ಣಿಟ್ಟು ನೋಡಿದರು. ಸೊನ್ನೆ, ಅಡ್ಡಗೆರೆ. ಇನ್ನೊಂದನ್ನು ತಿರುಗಿಸಿದರು. ಸೊನ್ನೆ, ಅಡ್ಡಗೆರೆ.

ಅವರ ಮುಖ ಇಳಿಯಿತು. ಮರುಕ್ಷಣವೇ ಮತ್ತೆ ಏರಿತು. “ಇದೇನಿದು, ಪಕ್ಕದಲ್ಲಿ ಮೂರು ಚುಕ್ಕಿ? ಇದು ನಾನು ಹಾಕಿದ್ದಲ್ಲ!”

“ಅದು ನಾನು ಹಾಕಿದ್ದು,” ಎಂದರು ಆಚಾರ್ರು.

“ಯಾವಾಗ?”

“ಅಳತೆ ಮಾಡಿದ ದಿನ. ನೀವು ಉಳಿದೆರಡನ್ನ ಹೊಟ್ಟೆಗೆ ಕಟ್ಟಿಕೊಳ್ತಾ ಬಗ್ಗಿದ್ದಿರಲ್ಲ, ಆಗ ಗೀರಿದೆ. ಹಿಂದೊಮ್ಮೆ ಒಬ್ಬ ಗಿರಾಕಿ ಮನೇಲಿ ಮಾಲು ಬದಲಾಯಿಸಿ ತಂದು ನನ್ನ ಮೇಲೇ ಗಲಾಟೆ ಮಾಡಿದ್ದ. ನೀವೂ ಹಂಗೇ ಮಾಡಿದರೆ ಅಂತ. ಜೋಡಿಸೋ ದಿನ ನಿಮ್ಮ ಕಣ್ಣೆದುರು ತಿರುಗಿಸಿ ಗುರುತು ನೋಡೋಕೆ ನಾಚಿಕೆ ಆಯ್ತು.”

ಒಂದು ಪಿಸ್ಟನ್. ಒಳಗೆ ಎರಡು ಗುಟ್ಟಿನ ಗುರುತು, ಅಕ್ಕಪಕ್ಕದಲ್ಲಿ. ಆಚಾರ್ರು ಕಳ್ಳರಲ್ಲ ಎಂದು ಆರಾಧ್ಯರ ಗುರುತು ಹೇಳುತ್ತಿತ್ತು. ಆರಾಧ್ಯರು ಕಳ್ಳರಲ್ಲ ಎಂದು ಆಚಾರ್ರ ಗುರುತು ಹೇಳುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಪಿಸ್ಟನ್ನನ್ನೇ ನೋಡುತ್ತ ನಿಂತರು.

“ಹಂಗಾದ್ರೆ ಕಳ್ಳ ಯಾರು?” ಎಂದರು ಅತ್ತೆ.

ಆಚಾರ್ರು ಗೇಜು ತೆಗೆದು ಮತ್ತೆ ಅಳೆದರು. ಏಳು ಪಾಯಿಂಟ್ ಜಾಗ. ಇನ್ನೊಂದನ್ನು ಅಳೆದರು. ಏಳು. ಅವತ್ತು ಐದು ತೋರಿಸಿದ್ದ ಅದೇ ಗೇಜು, ಅದೇ ಪಿಸ್ಟನ್, ಅದೇ ಕೈ. ಎಂಟು ದಿನ ಒಂದೇ ಕಡೆ ನಿಂತಿದ್ದ ಬೈಕಿನೊಳಗೆ ಲೋಹ ಸವೆಯುವುದುಂಟೇ? ಆಚಾರ್ರು ಸ್ಟೂಲಿನ ಮೇಲೆ ಕೂತರು.

“ಆರಾಧ್ಯರೇ, ತಪ್ಪು ನನ್ನದೇ. ನಾನು ಕದಿಯಲಿಲ್ಲ, ಆದ್ರೆ ನನ್ನ ಕಣ್ಣು ಸುಳ್ಳು ಹೇಳ್ತು. ಎರಡು ಪಾಯಿಂಟ್ ತಪ್ಪಿ ನೋಡೋವನು ಈ ಕೆಲಸ ಮಾಡಬಾರದು.” ಗೇಜನ್ನು ಅದರ ಮರದ ಪೆಟ್ಟಿಗೆಗೆ ಇಟ್ಟು, ಮುಚ್ಚಳ ಹಾಕಿದರು. ಅಪ್ಪನ ಕಾಲದ ಪೆಟ್ಟಿಗೆ ಅದು. ಅತ್ತೆಗೆ ಆ ಮುಚ್ಚಳದ ಸದ್ದು ಸಹಿಸಲಾಗಲಿಲ್ಲವಂತೆ.

ಅದೇ ಹೊತ್ತಿಗೆ ಗಿರಣಿಯ ಕಡೆಯಿಂದ ಒಂದು ಹೆಣ್ಣುಧ್ವನಿ ಕೂಗಿತು.

“ರೀ ಮಂಗಳಮ್ಮೋರೆ! ಎಲ್ಲಿ ಹೋದ್ರಿ? ನಿನ್ನೆ ಗೋಧಿ ಬೀಸಿಸಿಕೊಂಡು ಹೋದೆ. ಡಬ್ಬದ ಕಂಠದವರೆಗೂ ಹಿಟ್ಟಿತ್ತು. ಇವತ್ತು ಮುಚ್ಚಳ ತೆಗೆದರೆ ನಾಲ್ಕು ಬೆರಳು ಕೆಳಗೆ! ಏನು ಮಾಯ ಮಾಡಿದ್ರಿ?”

ಗಿರಣಿ ನಡೆಸುವವರಿಗೆ ಇದು ದಿನದ ಜಗಳ. ಅತ್ತೆ ಬಾಗಿಲಿಗೆ ಬಂದು, ಮೂವತ್ತು ವರ್ಷದಿಂದ ಹೇಳುತ್ತಿದ್ದ ಉತ್ತರವನ್ನೇ ಹೇಳಿದರು. “ನಿಮ್ಮನೇಲಿದ್ದ ಹಿಟ್ಟನ್ನ ನಾನು ಹೆಂಗಮ್ಮ ಕದಿಯಲಿ? ಬಿಸಿಯಾಗಿ ಬಂದ ಹಿಟ್ಟು ಅರಳಿಕೊಂಡು ಜಾಸ್ತಿ ಕಾಣುತ್ತೆ. ಆರಿದ ಮೇಲೆ ತನ್ನ ಅಳತೆಗ್...”

ಅಲ್ಲಿಗೇ ನಿಂತರು. ತಿರುಗಿ ಆರಾಧ್ಯರನ್ನು ನೋಡಿದರು.

“ಆರಾಧ್ಯರೇ, ಅವತ್ತು ಅದನ್ನ ಎಲ್ಲಿಟ್ಟುಕೊಂಡು ಬಂದಿದ್ರಿ?”

“ಯಾವುದನ್ನ?”

“ಪಿಸ್ಟನ್ನು ಕಣ್ರೀ. ಹೊಟ್ಟೆಗೆ ಕಟ್ಟಿಕೊಂಡಿರಲಿಲ್ವಾ? ಸ್ವೆಟರಿನೊಳಗೆ? ರಾತ್ರಿಯೆಲ್ಲಾ?”

ಆಚಾರ್ರು ತಲೆಯೆತ್ತಿದರು. “ಬಿಸಿಗೆ ಲೋಹ ಹಿಗ್ಗುತ್ತೆ, ಅದು ನನಗೆ ಗೊತ್ತಿಲ್ದೇ ಇರೋದಾ ಅಕ್ಕ? ಎಂಜಿನ್ ಬಿಸಿಗೆ ಹಿಗ್ಗಲಿ ಅಂತಲೇ ಐದು ಪಾಯಿಂಟ್ ಬಿಡೋದು. ಆದ್ರೆ ಮೈ ಬಿಸಿಗೆ...”

“ಅಳೆದು ನೋಡಿ ಮತ್ತೆ. ಗೇಜು ಇದೆಯಲ್ಲ,” ಎಂದರು ಅತ್ತೆ.

ಅಳೆದರು. ಒಂದು ಪಿಸ್ಟನ್ನನ್ನು ಟವೆಲ್ಲಿನಲ್ಲಿ ಸುತ್ತಿ ಆರಾಧ್ಯರ ಹೊಟ್ಟೆಗೇ ಕಟ್ಟಿ, ಮೇಲೆ ಕೋಟು ಹಾಕಿಸಿ ಕೂರಿಸಿದರು. ಅಷ್ಟರಲ್ಲಿ ಅತ್ತೆ ಹೋಗಿ ಆ ಹೆಂಗಸನ್ನು ಸಮಾಧಾನ ಮಾಡಿ, ಎರಡು ಸೇರು ರಾಗಿ ಬೀಸಿ ಬಂದರು. ಪಿಸ್ಟನ್ ಹೊರಬಂತು. ಈ ಸಲ ಗೇಜಿನ ಗೆರೆಯನ್ನು ಮೂವರೂ ತಲೆಗೆ ತಲೆ ತಾಗಿಸಿ ಓದಿದರು. ಎರಡು ಪಾಯಿಂಟ್ ಹಿಗ್ಗಿತ್ತು.

ಕೊಳವೆ ಚಳಿಯಲ್ಲಿ ಹಲಗೆಯ ಮೇಲೆ ಮಲಗಿತ್ತು. ಪಿಸ್ಟನ್ ಸ್ವೆಟರಿನೊಳಗೆ ಬೆಚ್ಚಗಿತ್ತು. ಆ ಬಿಸಿಯಲ್ಲಿ ಸರಿಯಾದ ಎರಡು ಬಿಗಿ ಎನಿಸಿಕೊಂಡು ಟ್ರಂಕು ಸೇರಿದವು. ಸಡಿಲ ಎರಡು ಸರಿ ಎನಿಸಿಕೊಂಡು ಎಂಜಿನ್ ಸೇರಿದವು. ಆಚಾರ್ರ ಅಪ್ಪ ಹೇಳದೆ ಬಿಟ್ಟ ಕಾರಣ ಅದೇ. ಅಳೆಯುವ ಮೊದಲು ಎರಡೂ ಒಂದೇ ಹಲಗೆಯ ತಣುಪಿಗೆ ಬರಬೇಕು.

“ಹಂಗಾದ್ರೆ ಇನ್ನು ಕೊರೆಯೋ ಹಂಗಿಲ್ಲ ಅಂದ್ರಲ್ಲ? ಬೈಕು ಮುಗೀತಾ?” ಎಂದರು ಆರಾಧ್ಯರು.

“ಕೊಳವೆಗೆ ಏನೂ ಆಗಿಲ್ಲ. ಹೊಂದೋ ಪಿಸ್ಟನ್ ಬೇಕು. ಆ ಬಿಗಿ ಎರಡು ಏನು ಮಾಡಿದ್ರಿ?”

“ಟ್ರಂಕಲ್ಲಿದೆ. ಬೀಗ ಹಾಕಿದ್ದೀನಿ.”

“ಬದುಕಿದೆವು,” ಎಂದರು ಆಚಾರ್ರು. “ತಂದು ಈ ಹಲಗೆ ಮೇಲಿಡಿ. ನಾಳೆ ಬೆಳಗ್ಗೆ ಅಳೆಯೋಣ.”

ಆರಾಧ್ಯರು ಮನೆಗೆ ಹೋಗಿ ತಂದರು. ಹಲಗೆಯ ಮುಂದೆ ನಿಂತರು. ಎಲ್ಲವೂ ಅರ್ಥವಾಗಿತ್ತು. ಆದರೂ ಇಪ್ಪತ್ತೆಂಟು ವರ್ಷದ ಕೈ ಬಿಡಬೇಕಲ್ಲ! ಒಂದನ್ನು ಇಟ್ಟರು. ಇನ್ನೊಂದನ್ನು ಇಡಲು ಹೋಗಿ, ಬಾಗಿಲಿನ ಬೀಗ ನೋಡಿದರು. ಆಚಾರ್ರು ಅದನ್ನು ಕಂಡು, ಗೂಟದಿಂದ ಬೀಗದ ಕೈ ತೆಗೆದು ಚಾಚಿದರು.

“ತಗೊಳ್ಳಿ. ಇವತ್ತು ನೀವೇ ಬೀಗ ಹಾಕ್ಕೊಂಡು ಹೋಗಿ. ಒಳಗೆ ನನ್ನ ನಲವತ್ತು ವರ್ಷದ ಸಾಮಾನಿದೆ. ನನಗೇನೂ ಭಯ ಇಲ್ಲ.”

ಆರಾಧ್ಯರು ಎರಡನೆಯ ಪಿಸ್ಟನ್ನನ್ನು ಕೆಳಗಿಟ್ಟರು. ಬೀಗ ಹಾಕಿದರು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದರು. ಮತ್ತೆ ತಿರುಗಿ ಬಂದರು. ಬಂದು ಬೀಗದ ಕೈಯನ್ನು ಆಚಾರ್ರಿಗೇ ಕೊಟ್ಟರು ಎಂದು ನಾನು ಬರೆದರೆ ನಿಮಗೆ ಚೆನ್ನಾಗಿರುತ್ತದೆ. ಆದರೆ ನಡೆದದ್ದು ಹಾಗಲ್ಲ. ಅತ್ತೆಯ ಕೈಗೆ ಕೊಟ್ಟರು.

“ಮನುಷ್ಯ ಒಂದೇ ದಿನದಲ್ಲಿ ಅಷ್ಟು ಬದಲಾಗಲ್ಲ ಕಣೇ,” ಎಂದರು ಅತ್ತೆ. “ಆದ್ರೆ ಜೇಬಿನಿಂದ ಹೊರಗೆ ತೆಗೆದರಲ್ಲ, ಅಷ್ಟೇ ದೊಡ್ಡದು.”

ಬೆಳಗ್ಗೆ ಅತ್ತೆ ಬೀಗ ತೆಗೆದರು. ಹಲಗೆ, ಕೊಳವೆ, ಪಿಸ್ಟನ್, ಎಲ್ಲ ಒಂದೇ ತಣುಪು. ಆಚಾರ್ರು ಅಳೆದರು. ಐದು ಪಾಯಿಂಟ್. ಇನ್ನೊಂದು, ಐದು. ಆರಾಧ್ಯರು ಗೇಜಿನ ಹತ್ತಿರ ಬರಲಿಲ್ಲ. ಗಿರಣಿಯ ಜಗಲಿಯ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಶುರುವಾಯಿತು. ಅತ್ತೆ ಗಿರಣಿ ನಿಲ್ಲಿಸಿ ಕೇಳಿದರು. ಆರಾಧ್ಯರು ಬೀದಿಯ ತಿರುವನ್ನೇ ನೋಡುತ್ತ ನಿಂತರು, ಯಾರೋ ಬರುವವರಿದ್ದಾರೆ ಎನ್ನುವಂತೆ. ಆಮೇಲೆ ಕಣ್ಣೊರೆಸಿಕೊಂಡು, “ಆಚಾರ್ರೇ, ಹಿಂದೆ ಕೂತ್ಕೊಳ್ಳಿ,” ಎಂದರು.

“ಎಲ್ಲಿಗೆ?”

“ಮಂಡಿಗೆ. ಎಲ್ಲೆಲ್ಲಿ ಆ ಮಾತು ಹೇಳಿದ್ದೆನೋ ಅಲ್ಲೆಲ್ಲಾ ಇದನ್ನೂ ಹೇಳಬೇಕು. ನೀವು ಎದುರಿಗೇ ಇರಬೇಕು.”

ಪ್ರತಿ ಮೂಟೆಯ ಮುಂದೆಯೂ ನಿಂತು ಹೇಳಿದರಂತೆ. ಹೊಟ್ಟೆಗೆ ಕಟ್ಟಿಕೊಂಡಿದ್ದನ್ನೂ ಬಿಡಲಿಲ್ಲವಂತೆ. ಜನ ನಕ್ಕರು. ನಗಲಿ ಎಂದರು.

ಅತ್ತೆಯ ಶಾಫ್ಟು ಅರಸೀಕೆರೆಯಿಂದ ಬಂದಿತ್ತು. ಬಂದದ್ದು ಸರಿ ಕೂರಲಿಲ್ಲ. ಅತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಗೋಡೆಯಾಚೆಗೆ ಹೋದರು. ಆಚಾರ್ರು ಯಾಕೆ, ಏನು, ಎಲ್ಲಿಗೆ ಕಳಿಸಿದ್ದಿರಿ, ಒಂದನ್ನೂ ಕೇಳಲಿಲ್ಲ.

“ಬಿಸಿಲಲ್ಲಿ ಹೊತ್ತುಕೊಂಡು ಬಂದಿದ್ದೀರಿ ಅಕ್ಕ,” ಎಂದರು. “ಹಲಗೆ ಮೇಲಿಡಿ. ನಾಳೆ ಅಳೆಯೋಣ.”

ನೀತಿ: ಅನುಮಾನ ಬರುವುದು ತಪ್ಪಲ್ಲ. ಬೇಕಾದರೆ ಗುರುತು ಹಾಕಿಕೊಳ್ಳಿ, ಒಂದು ದಿನ ಅದೇ ಗುರುತು ಎದುರಿನವರು ನಿಜಸ್ಥರು ಎಂದೂ ಹೇಳಬಹುದು. ಆದರೆ ಅನುಮಾನವನ್ನು ಹೊಟ್ಟೆಗೆ ಕಟ್ಟಿಕೊಂಡು ಓಡಾಡಬೇಡಿ. ಹೊಟ್ಟೆಯ ಬಿಸಿಗೆ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ, ಆಗ ಸರಿಯಾದದ್ದು ಟ್ರಂಕು ಸೇರುತ್ತದೆ. ಯಾರನ್ನೇ ಅಳೆಯುವ ಮೊದಲು ಕೈಯಲ್ಲಿರುವುದನ್ನು ಕೆಳಗಿಡಿ, ಆರಲು ಬಿಡಿ.

ಇದನ್ನು ನೀವೂ ಯಾರಿಗಾದರೂ ಹೇಳಿ. ಯಾರ ಮೇಲೆ ನಿಮಗೀಗ ಅನುಮಾನ ಇದೆಯೋ ಅವರಿಗೇ ಹೇಳಿದರೆ ಇನ್ನೂ ಒಳ್ಳೆಯದು. ಆದರೆ ಓದಿದ ಬಿಸಿಯಲ್ಲೇ ಕಳಿಸಬೇಡಿ. ಒಂದು ರಾತ್ರಿ ನಿಮ್ಮ ಹತ್ತಿರ ತಣ್ಣಗೆ ಮಲಗಲಿ. ಬೆಳಗ್ಗೆಯೂ ಅಷ್ಟೇ ಅಳತೆಯಲ್ಲಿ ಕಂಡರೆ, ಕಳಿಸಿ.